ಮುರಿದ ಮದುವೆಯ ಪಾತ್ರೆಗಳು

ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಕುಳಿತ ಮೇಲೆ, ಮೂರೂವರೆ ನಾಲ್ಕರ ಹೊತ್ತಿಗೆ, ನಮ್ಮ ಸರ್ವರ್ ಸಾಯುತ್ತಿತ್ತು. ಅದರ ಹಸಿರು ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಆದರೆ ಯಾರು ಏನು ಒತ್ತಿದರೂ ಉತ್ತರವಿಲ್ಲ. ಹನ್ನೆರಡು ಜನ ಕೀಬೋರ್ಡಿನಿಂದ ಕೈ ತೆಗೆದು ನನ್ನ ಕಡೆ ತಿರುಗುತ್ತಿದ್ದರು. ಆ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

ಕಾರವಾರದ ಪೇಟೆಯಲ್ಲಿ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿದ್ದ ಖಾಸಗಿ ಕಚೇರಿ ಅದು. ಹಳ್ಳಿಗಳ ಶಾಲೆ, ಸಂಘಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಹಳೆಯ ಕಾಗದಗಳ ಫೋಟೋ ತೆಗೆದು ಕಂಪ್ಯೂಟರಿಗೆ ಸೇರಿಸುವ ಗುತ್ತಿಗೆ. ಫೋಟೋಗಳು ಹಾರ್ಡ್ ಡಿಸ್ಕುಗಳಲ್ಲಿ ಬರುತ್ತಿದ್ದವು. ಡಿಸ್ಕನ್ನು ಸರ್ವರಿಗೆ ಚುಚ್ಚಿ, ಒಳಗಿದ್ದುದನ್ನು ಇಳಿಸಿಕೊಂಡು, ಪ್ರತಿ ಹಾಳೆಗೂ ಹೆಸರು ಕೊಡುವುದು ಹತ್ತಿರದ ಕಿನ್ನರ ಎಂಬ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಕೆಲಸ. ಹಾಗಾಗಿ ಸರ್ವರ್ ಇದ್ದದ್ದು ಆಕೆಯ ಮೇಜಿನ ಮಗ್ಗುಲಲ್ಲೇ.

ನಲವತ್ತೈದರ ಆಸುಪಾಸಿನ ವಯಸ್ಸು. ಪಿಯುಸಿ ಮುಗಿಸಿ, ಮದುವೆಯಾಗಿ, ಇಪ್ಪತ್ತು ವರ್ಷ ಗದ್ದೆ ಮಾಡಿ, ಆಮೇಲೆ ಟೈಪಿಂಗ್ ಕ್ಲಾಸಿಗೆ ಸೇರಿ ಕಂಪ್ಯೂಟರ್ ಕಲಿತವಳು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ನಿಧಾನದ, ತೂಗಿ ಆಡುವ ಕನ್ನಡ. ಮೊದಲ ದಿನ ನನ್ನನ್ನು 'ತಂಗಿ' ಎಂದು ಕರೆದಳು. "ಇಲ್ಲಿ ಮೇಡಂ ಅನ್ನಬೇಕು" ಎಂದೆ. ನನಗಾಗ ಇಪ್ಪತ್ತೊಂಬತ್ತು. "ತಪ್ಪಾಯ್ತು ಮೇಡಂ" ಎಂದಳು. ಆದರೂ ಆಗೊಮ್ಮೆ ಈಗೊಮ್ಮೆ ಬಾಯಿ ತಪ್ಪಿ ತಂಗಿ ಬಂದುಬಿಡುತ್ತಿತ್ತು.

ಹಟ್ಟಿಕೇರಿಯಿಂದ ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದ ನನಗೆ ಆ ಕಚೇರಿಯಲ್ಲಿ ಇದ್ದ ಮರ್ಯಾದೆಯೆಲ್ಲ ಆ ಯಂತ್ರದ್ದೇ. ಅದು ನಡೆದರೆ ನಾನು ಮೇಡಂ, ನಿಂತರೆ ಹುಡುಗಿ. "ಹುಡುಗಿಯಿಂದ ಆಗೂದಲ್ಲ ಇದು, ಹುಬ್ಬಳ್ಳಿಯಿಂದ ಯಾರನ್ನಾದ್ರೂ ಕರೆಸ್ವಾ" ಎಂದು ಮ್ಯಾನೇಜರು ಫೋನಿನಲ್ಲಿ ಹೇಳುತ್ತಿದ್ದುದು ಗಾಜಿನ ಬಾಗಿಲಿನಾಚೆ ನನಗೆ ಕೇಳಿಸಿತ್ತು. ಮೆಮೊರಿ ಚಿಪ್ಪು ಬದಲಿಸಿದೆ, ವೈರು ಬದಲಿಸಿದೆ, ವೈರಸ್ ಹುಡುಕಿದೆ. ಏನೂ ಸಿಗಲಿಲ್ಲ.

ಜುಲೈ ತಿಂಗಳಲ್ಲಿ ಆಕೆ ನಾಟಿಗೆಂದು ಮೂರು ದಿನ ರಜೆ ಹಾಕಿದಳು. ಆ ಮೂರು ದಿನ ಸರ್ವರ್ ಒಮ್ಮೆಯೂ ನಿಲ್ಲಲಿಲ್ಲ. ನಾಲ್ಕನೆಯ ದಿನ ಆಕೆ ಬಂದಳು. ಸಂಜೆ ನಾಲ್ಕಕ್ಕೆ ನಿಂತಿತು. ಕದ್ವಾಡದಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬ ಚಾ ಕುಡಿಯುವಾಗ, "ಎಂತ ಮೇಡಂ, ಸಿಕ್ತಾ ವೈರಸ್ಸು?" ಎಂದು ಕೆಣಕಿದ. ಎಲ್ಲ ಗಂಡಸರೂ ಲೋಟ ಹಿಡಿದು ನಿಂತಿದ್ದರು. ನಾನು ಕಿನ್ನರದವಳ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿ, "ಸಿಕ್ಕಿದೆ. ಅಲ್ಲಿ ಕೂತಿದೆ ನೋಡಿ" ಎಂದೆ.

ಅವರೆಲ್ಲ ನಕ್ಕರು. ಆ ಕಚೇರಿಯಲ್ಲಿ ನನ್ನ ಮಾತಿಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನನಗೆ ತುಂಬ ಹಿತವಾಯಿತು.

ಆವತ್ತಿನಿಂದ ಆಕೆಗೆ ವೈರಸ್ ಎಂದೇ ಹೆಸರಾಯಿತು. ಆಕೆ ಮುಟ್ಟಿದ ಮೌಸನ್ನು ಒಬ್ಬ ಸ್ಯಾನಿಟೈಸರ್ ಹಾಕಿ ಒರೆಸುವಂತೆ ನಟಿಸುತ್ತಿದ್ದ. ಊಟದ ಹೊತ್ತಿಗೆ ಆಕೆ ಡಬ್ಬಿ ತೆರೆದರೆ ಪಕ್ಕದವರು ತಮ್ಮ ಡಬ್ಬಿ ಎತ್ತಿಕೊಂಡು ಎದ್ದು ನಗುತ್ತಿದ್ದರು. ಮೊದಮೊದಲು ಆಕೆಯೂ ಜೊತೆಗೆ ನಗುತ್ತಿದ್ದಳು. ಎರಡು ವಾರದ ಮೇಲೆ ನಗುವುದು ನಿಲ್ಲಿಸಿ ಕಿಟಕಿಯ ಕಡೆ ಮುಖ ಮಾಡಿ ಉಣ್ಣತೊಡಗಿದಳು. ಕದ್ವಾಡದವನೂ ಆಕೆಯೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದವರು. ಹೆಸರು ಬಸ್ಸು ಹತ್ತಿ ಕಿನ್ನರಕ್ಕೂ ಹೋಯಿತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಆಕೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಮಗಳ ಹಳೆಯ ಶಾಲೆಯ ನೋಟ್‌ಬುಕ್ಕು. ಖಾಲಿ ಉಳಿದ ಹಾಳೆಗಳಲ್ಲಿ ಆಕೆ ಗೆರೆ ಎಳೆದು ಬರೆದಿಟ್ಟಿದ್ದಳು: ಯಾವ ಡಿಸ್ಕನ್ನು ಎಷ್ಟು ಗಂಟೆಗೆ ಹಾಕಿದ್ದು, ಅದು ತೆರೆಯಿತೋ ಇಲ್ಲವೋ, ಹಾಕುವ ಮುಂಚೆ ಸರ್ವರಿನಲ್ಲಿ ಖಾಲಿಯಿದ್ದ ಮೆಮೊರಿ ಎಷ್ಟು, ತೆಗೆದ ಮೇಲೆ ಎಷ್ಟು. ಮೆಮೊರಿ ಎಂದರೆ ಯಂತ್ರ ಕೆಲಸ ಮಾಡುವಾಗ ಬಳಸಿಕೊಳ್ಳುವ ಜಾಗ; ಅದು ಮುಗಿದರೆ ಯಂತ್ರ ನಿಲ್ಲುತ್ತದೆ. ಅದು ಎಷ್ಟು ಖಾಲಿಯಿದೆ ಎಂದು ತೋರಿಸುವ, ಪರದೆಯ ಮೇಲಿನ ಸಣ್ಣ ಕಿಟಕಿಯನ್ನು ಆಕೆಗೆ ತೆರೆದು ತೋರಿಸಿದ್ದವಳು ನಾನೇ, ಬಂದ ಹೊಸದರಲ್ಲಿ, ನನ್ನ ಜಾಣತನ ತೋರಿಸಲು.

"ಮೇಡಂ, ಸರಿ ಇದ್ದ ಡಿಸ್ಕ್ ಹಾಕಿದ್ರೆ ಎಂತ ಆಗೂದಿಲ್ಲ" ಎಂದಳು. "ಮಳೆಗೆ ನೆನೆದು ಹಾಳಾದ ಡಿಸ್ಕ್ ಬರ್ತದಲ್ಲ, ಒಳಗೆ ತೆರೆಯೂದೇ ಇಲ್ಲ, ಅದು ಹಾಕಿದಾಗ ಮಾತ್ರ ಮೆಮೊರಿ ಕಡಿಮೆ ಆಗ್ತದೆ. ಡಿಸ್ಕ್ ಕಿತ್ತು ತೆಗೆದ್ರೂ ತಿರುಗಿ ಬರೂದಿಲ್ಲ. ಸಂಜೆವರೆಗೆ ಎಲ್ಲ ಮುಗೀತದೆ."

ನಾನು ತಲೆಯೆತ್ತಲಿಲ್ಲ. ಆಕೆ ಇನ್ನಷ್ಟು ಬಿಡಿಸಿ ಹೇಳಲು ನೋಡಿದಳು. "ಮದುವೆಗೆ ಅಂತ ದೇವಸ್ಥಾನದಿಂದ ದೊಡ್ಡ ಪಾತ್ರೆ ತರೂದಿಲ್ವಾ? ಮದುವೆ ಆದ್ರೆ ಎಲ್ಲ ತಿಕ್ಕಿ ತಿರುಗಿ ಕೊಡ್ತಾರೆ. ನಡುವೆ ಮದುವೆ ಮುರೀತು ಅಂದ್ರೆ ಜನ ಜಗಳ ಮಾಡ್ತಾ ಹೋಗ್ತಾರೆ, ಪಾತ್ರೆ ಯಾರಿಗೂ ನೆನಪಾಗೂದಿಲ್ಲ. ಇದೂ ಹಾಂಗೇ ಅಂತ ಕಾಣ್ತದೆ ತಂಗಿ."

ನೋಟ್‌ಬುಕ್ಕು ಕೊಡಿ ಎಂದೆ. ತೆಗೆದುಕೊಂಡು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಓದಿದೆ. 'ಮೆಮೊರಿ' ಎಂಬುದನ್ನು ಆಕೆ 'ಮೇಮರಿ' ಎಂದು ಬರೆದಿದ್ದಳು. ಪ್ರತಿ ಸಲವೂ ಹಾಗೇ ಒತ್ತಿ ಓದಿದೆ. ಕೊನೆಗೆ, "ನಮ್ಮ ಸರ್ವರಿಗೆ ಮದುವೆ ಮುರಿದಿದೆಯಂತೆ, ಪಾತ್ರೆ ಹುಡುಕ್ರಪ್ಪ" ಎಂದೆ. ನಗು ಮೆಟ್ಟಿಲವರೆಗೂ ಕೇಳಿರಬೇಕು. ನೋಟ್‌ಬುಕ್ಕನ್ನು ನನ್ನ ಡ್ರಾಯರಿಗೆ ಹಾಕಿದೆ. ಆಕೆ ಕೈ ಚಾಚಿದಳು, ಕೊಡಲಿಲ್ಲ. ಮುಂದೆ ಮತ್ತೆ ಕೇಳಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಗುತ್ತಿಗೆ ಕೊಟ್ಟವರ ಕಡೆಯಿಂದ ಇಬ್ಬರು ಕೆಲಸ ನೋಡಲು ಬಂದರು. ಅವರೆದುರೇ ಸರ್ವರ್ ನಿಂತು ಆ ದಿನದ ಕೆಲಸವೆಲ್ಲ ಹೋಯಿತು. ಮ್ಯಾನೇಜರು ಬೆವೆತುಹೋದರು. ಮರುದಿನ ಅವರಿಬ್ಬರೂ ಇನ್ನೂ ಊರಲ್ಲಿರುವಾಗಲೇ, ಯಂತ್ರ ಕೆಡುವುದು ಆಕೆಯಿಂದಲೇ ಎಂದು ತೋರಿಸಲು ಒಂದು ಪರೀಕ್ಷೆ ಇಡಬೇಕೆಂದು ತೀರ್ಮಾನವಾಯಿತು. ಏರ್ಪಾಡು ಮಾಡಿದವಳು ನಾನು. ಬೆಳಿಗ್ಗೆಯಿಂದ ಬೇರೆಯವರು ಸರ್ವರಿನಲ್ಲಿ ಕೆಲಸ ಮಾಡಿದರು, ಯಾರೂ ಡಿಸ್ಕ್ ಹಾಕಲಿಲ್ಲ, ಏನೂ ಆಗಲಿಲ್ಲ. ಆಮೇಲೆ ಆಕೆಯನ್ನು ಕರೆದು ಎಲ್ಲರ ನಡುವೆ ಕೂರಿಸಿದರು.

"ನೀನು ದಿನಾ ಮಾಡೂ ಹಾಂಗೇ ಮಾಡು" ಎಂದರು ಮ್ಯಾನೇಜರು.

ಆಕೆಯ ಮುಂದಿದ್ದ ಡಬ್ಬದಲ್ಲಿ ಐದು ಡಿಸ್ಕುಗಳಿದ್ದವು. ಒಂದೊಂದನ್ನೇ ಹಾಕಿದಳು. ಎರಡು ತೆರೆದವು, ಮೂರು ತೆರೆಯಲಿಲ್ಲ. ಹದಿನಾಲ್ಕು ಜನ ಸುತ್ತ ನಿಂತು ಆಕೆಯ ಬೆರಳುಗಳನ್ನು ನೋಡುತ್ತಿದ್ದರು. ಒಂದು ಗಂಟೆಯ ಮೇಲೆ ಪರದೆ ಹೆಪ್ಪುಗಟ್ಟಿ ನಿಂತಿತು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಬಂದಿದ್ದ ಇಬ್ಬರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲ.

ಆಕೆ ಎದ್ದು ನನ್ನನ್ನು ನೋಡಿದಳು. "ಡಿಸ್ಕ್ ನಾನು ಮನೆಯಿಂದ ತಂದದ್ದಲ್ಲ. ಮಶೀನ್ ಚಾಲೂ ಮಾಡಿ, ಇದೇ ಡಿಸ್ಕ್ ನೀವು ಒಂದು ಸಲ ಹಾಕಿ ನೋಡಿ. ನೀವು ಹಾಕಿದ್ರೂ ಸಾಯ್ತದೆ."

ಆ ಕ್ಷಣದಲ್ಲಿ ನನಗೆ ತಿಳಿದುಹೋಯಿತು. ಪೂರ್ತಿ ಅಲ್ಲ, ಆದರೆ ಈ ಹೆಂಗಸು ಹೇಳುತ್ತಿರುವುದು ಸರಿಯಿರಬಹುದು ಎನ್ನುವಷ್ಟು. ಡಿಸ್ಕು ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ನಾನು ಹಾಕಲಿಲ್ಲ. "ನನಗೆ ಅಷ್ಟು ಪುರುಸೊತ್ತಿಲ್ಲ" ಎಂದೆ.

ನಾಳೆಯಿಂದ ಬರುವುದು ಬೇಡ ಎಂದು ಮ್ಯಾನೇಜರು ಅಲ್ಲೇ ಹೇಳಿದರು. ಡಬ್ಬಿ, ಕೊಡೆ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಆಕೆ ಮೆಟ್ಟಿಲಿಳಿದಳು. ಕದ್ವಾಡದವನು ಆಕೆಯ ಕುರ್ಚಿಯ ಮೇಲೆ ಲಿಂಬೆಹಣ್ಣು ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದ.

ಮೂರು ವಾರ ಸರ್ವರ್ ನಿಲ್ಲಲಿಲ್ಲ. ನಾನು ಹೇಳಿದ್ದೇ ನಿಜವೆಂದು ಎಲ್ಲರೂ ಒಪ್ಪಿದರು. ಆದರೆ ಡಿಸ್ಕು ಇಳಿಸುವವರೇ ಇರಲಿಲ್ಲ; ಡಬ್ಬಗಳು ಮೂಲೆಯಲ್ಲಿ ಬೆಳೆಯುತ್ತಿದ್ದವು. ಕೊನೆಗೆ ಆ ಕೆಲಸವನ್ನು ಕದ್ವಾಡದವನಿಗೆ ವಹಿಸಿದರು. ಮೂರನೆಯ ದಿನ ಮಧ್ಯಾಹ್ನ ಸರ್ವರ್ ನಿಂತಿತು. ಅವನಿಗೆ ಯಾರೂ ಹೆಸರಿಡಲಿಲ್ಲ. "ಹೋಗುವಾಗ ಅವಳು ಎಂತದೋ ಮಾಡಿಟ್ಟು ಹೋಗಿದ್ದಾಳೆ" ಎಂದರು ಮ್ಯಾನೇಜರು.

ಆ ಭಾನುವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆದು ಒಬ್ಬಳೇ ಕುಳಿತೆ. ಡ್ರಾಯರಿನಿಂದ ನೋಟ್‌ಬುಕ್ಕು ತೆಗೆದೆ. ನಗಿಸಲು ಓದಿದ್ದ ಹಾಳೆಗಳನ್ನು ಈಗ ತಿಳಿಯಲು ಓದಿದೆ. ಆಕೆ ಬರೆದದ್ದರಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಬೇರೊಂದು ಕಂಪ್ಯೂಟರಿಗೆ ಕೆಟ್ಟ ಡಿಸ್ಕೊಂದನ್ನು ಹಾಕಿ, ತೆರೆಯಲು ಸಾವಿರ ಸಲ ಪ್ರಯತ್ನಿಸು ಎಂದು ಆಜ್ಞೆ ಕೊಟ್ಟೆ. ಪ್ರತಿ ಪ್ರಯತ್ನಕ್ಕೂ ಖಾಲಿ ಮೆಮೊರಿ ಚೂರು ಚೂರೇ ಇಳಿಯಿತು. ಡಿಸ್ಕು ಕಿತ್ತೆ. ಏರಲಿಲ್ಲ.

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ಅಡಿಯಲ್ಲಿ ಕುಳಿತು ನಡೆಸುವ ಪ್ರೋಗ್ರಾಮು. ಡಿಸ್ಕಿನ ಫೈಲುಗಳನ್ನು ಓದುವ ಭಾಗಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ನಾವು ಬಳಸುತ್ತಿದ್ದುದರ ಮೂಲ ಬರಹ, ಅಂದರೆ ಕೋಡು, ಯಾರು ಬೇಕಾದರೂ ಓದಬಹುದಾದದ್ದು. ಮಧ್ಯಾಹ್ನದವರೆಗೆ ಓದಿದೆ. ಡಿಸ್ಕು ತೆರೆಯುವ ಮುಂಚೆ ಅದು ಕೊಂಚ ಮೆಮೊರಿ ಕೇಳಿ ಪಡೆಯುತ್ತದೆ. ಡಿಸ್ಕು ಸರಿಯಾಗಿ ತೆರೆದರೆ, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತದೆ. ನಡುವೆ ಕೆಟ್ಟದ್ದೆಂದು ಗೊತ್ತಾದರೆ ದೋಷವಿದೆ ಎಂದು ಹೇಳಿ ಹೊರಗೆ ಬಂದುಬಿಡುತ್ತದೆ. ಪಡೆದದ್ದನ್ನು ಬಿಡುವ ಒಂದು ಸಾಲು ಆ ದಾರಿಯಲ್ಲಿ ಇರಲೇ ಇಲ್ಲ. ಮುರಿದ ಮದುವೆ, ಮರೆತ ಪಾತ್ರೆ. ಅದರ ಮೇಲೆ ಇನ್ನೊಂದು: ತೆರೆಯದ ಡಿಸ್ಕನ್ನು ಎರಡು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ತೆರೆಯಲು ನೋಡು ಎಂಬ ಪುಟ್ಟ ಪ್ರೋಗ್ರಾಮನ್ನು ಸರ್ವರಿಗೆ ಹಾಕಿದ್ದವಳು ನಾನು. ಅದಿಲ್ಲದಿದ್ದರೆ ಈ ಸೋರಿಕೆ ಯಾರ ಗಮನಕ್ಕೂ ಬಾರದಷ್ಟು ಸಣ್ಣದಾಗಿ ಉಳಿಯುತ್ತಿತ್ತು.

ಸೋಮವಾರ ನನ್ನ ಪ್ರೋಗ್ರಾಮನ್ನು ಸದ್ದಿಲ್ಲದೆ ಅಳಿಸಿ, ಸರ್ವರ್ ಸರಿಯಾಯಿತು ಎಂದೆ. ಫೈಲ್ ಸಿಸ್ಟಮಿನ ದೋಷವನ್ನು ಅದನ್ನು ನೋಡಿಕೊಳ್ಳುವ ದೂರದ ಪರಿಣತರಿಗೆ ಬರೆದು ಕಳಿಸಿದೆ. ವಾರದೊಳಗೆ ಉತ್ತರ ಬಂತು. ಬೇಕೆಂದೇ ಕೆಡಿಸಿದ ಡಿಸ್ಕೊಂದನ್ನು ಚುಚ್ಚಿ ಯಾರು ಬೇಕಾದರೂ ಯಂತ್ರವನ್ನು ಉಸಿರುಗಟ್ಟಿಸಬಹುದು, ಆದ್ದರಿಂದ ಇದು ಭದ್ರತೆಯ ದೋಷ. ಸರಿಪಡಿಸುವವರೆಗೆ ಯಾರಿಗೂ ಹೇಳಬೇಡಿ ಎಂದಿದ್ದರು. ಅಷ್ಟು ಸುಖದ ಅಪ್ಪಣೆ ನನಗೆ ಯಾರೂ ಕೊಟ್ಟಿರಲಿಲ್ಲ. ಕಿನ್ನರಕ್ಕೆ ಹೋಗದಿರಲು ಒಂದು ಘನವಾದ ಕಾರಣ ಸಿಕ್ಕಿತ್ತು.

ಎರಡು ತಿಂಗಳಿಗೆ ದೋಷ ತಿದ್ದಿದರು. ತಿದ್ದುಪಡಿಯ ಕೆಳಗೆ, ಇದನ್ನು ಕಂಡು ತಿಳಿಸಿದವರು ಎಂದು ನನ್ನ ಹೆಸರು. ಜಿಲ್ಲೆಯ ಪತ್ರಿಕೆಯಲ್ಲಿ ಫೋಟೋ ಬಂತು. ಅಂಕೋಲೆಯ ಕಾಲೇಜೊಂದರಲ್ಲಿ ಶಾಲು ಹೊದಿಸಿದರು. ಅಲ್ಲೇ ಒಳ್ಳೆಯ ಕೆಲಸವನ್ನೂ ಕೊಟ್ಟರು. ಸನ್ಮಾನದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಇಷ್ಟು ಸಣ್ಣ ತಪ್ಪು ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಮೇಡಂ?" ಎಂದು ಕೇಳಿದಳು.

"ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ" ಎಂದೆ. ಸಲೀಸಾಗಿ ಬಂತು.

ಮನೆಗೆ ಬಂದಾಗ ಆಯಿ, ನನ್ನಮ್ಮ, ಶಾಲನ್ನು ಮುಟ್ಟಿ ನೋಡಿ ಮಡಚಿಟ್ಟರು. ಆಮೇಲೆ ಮೀನು ಹೆಚ್ಚುತ್ತ, "ನೀ ದಿನಾ ಬಂದು ಹೇಳಿ ಹೇಳಿ ನಗಾಡ್ತಿದ್ಯಲ್ಲ, ಆ ಕಿನ್ನರದ ಹೆಂಗ್ಸು, ಅದು ಎಂತಾ ಮಾಡ್ತಿದೆ ಈಗ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

ಗೊತ್ತಾದದ್ದು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ. ಸಾಲಿನ ಕೊನೆಗೆ ಆಕೆ ಗೋಣಿ ಹಾಸಿಕೊಂಡು, ತಿಸರೆ ಎಂಬ ಚಿಪ್ಪುಮೀನಿನ ಗುಪ್ಪೆ ಮಾಡಿಕೊಂಡು ಕುಳಿತಿದ್ದಳು. ನಾನು ಕಂಬದ ಹಿಂದೆ ನಿಂತೆ. ಪಕ್ಕದ ಮೀನು ಮಾರುವವಳು, "ಏ ವೈರಸ್, ನೀರು ಇತ್ಲಾಗೆ ಕೊಡೇ" ಎಂದಳು. ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಆಕೆಯೂ ಸಿಡುಕದೆ ಹೌದೆಂಬಂತೆ ತಿರುಗಿ ಬಾಟಲಿ ಕೊಟ್ಟಳು. ನಾನು ಮೀನು ಕೊಳ್ಳದೆ ಹೊರಟುಬಂದೆ.

ಪರಿಣತರಿಗೆ ಇನ್ನೊಂದು ಪತ್ರ ಬರೆದೆ. ದೋಷ ಕಂಡವಳು ನಾನಲ್ಲ, ಕಿನ್ನರದ ಒಬ್ಬ ಮಹಿಳೆ, ಆಕೆಯ ಹೆಸರು ಹಾಕಿ ಎಂದು. ಸಭ್ಯವಾದ ಉತ್ತರ ಬಂತು: ತಿದ್ದುಪಡಿ ಈಗಾಗಲೇ ಎಲ್ಲ ಕಡೆ ಹೋಗಿದೆ, ಒಮ್ಮೆ ದಾಖಲಾದ ಹೆಸರನ್ನು ಬದಲಿಸಲು ಬರುವುದಿಲ್ಲ, ಕ್ಷಮಿಸಿ.

ಆ ಉತ್ತರದ ಪ್ರಿಂಟು, ನೋಟ್‌ಬುಕ್ಕು ಎರಡನ್ನೂ ಹಿಡಿದು ಒಂದು ಬೆಳಿಗ್ಗೆ ಕಿನ್ನರಕ್ಕೆ ಹೋದೆ. ಕಾರವಾರದಲ್ಲಿ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ. ಆಕೆ ಮನೆಯ ಹಿಂದೆ, ನದಿಯ ಕಡೆಯ ಕಟ್ಟೆಯಲ್ಲಿ ತಿಸರೆ ತೊಳೆಯುತ್ತಿದ್ದಳು. ನನ್ನನ್ನು ಕಂಡು ಎದ್ದೇಳಲಿಲ್ಲ. ಕೂರಿ ಎನ್ನಲಿಲ್ಲ.

"ಪೇಪರಲ್ಲಿ ಫೋಟೋ ಚೆಂದ ಬಂದಿತ್ತು ಮೇಡಂ" ಎಂದಳು.

ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕೋಡು, ದೋಷ, ನನ್ನ ಪ್ರೋಗ್ರಾಮು, ಹೆಸರು, ಪತ್ರ. ಆಕೆ ನಡುವೆ ಒಂದು ಸಲವೂ ಕೈ ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಆ ದಿವಸ ನೀವು ಹಾಕಿ ನೋಡಿ ಅಂದೆನಲ್ಲ. ಆಗ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಸಂಶಯ ಬಂದಿತ್ತು" ಎಂದೆ.

"ಹಾಂ" ಎಂದಳು. ಚಿಪ್ಪುಗಳ ಮೇಲೆ ಇನ್ನೊಂದು ಕೊಡ ನೀರು ಸುರಿದಳು. "ಕಚೇರಿ ಆದ ಮೇಲೆ ಕೋಡಿಬಾಗದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಎಂಟು ದಿವಸಕ್ಕೆ ಅವರಿಗೂ ಹೆಸರು ಗೊತ್ತಾಯ್ತು. ಮಶೀನ್ ಮುಟ್ಟಬೇಡ ಅಂದ್ರು. ಝೆರಾಕ್ಸ್ ಅಂಗಡಿಯಲ್ಲಿ ಮಶೀನ್ ಮುಟ್ಟದೆ ಎಂತ ಮಾಡೂದು? ಬಿಟ್ಟೆ. ಮಗಳಿಗೆ ಶಾಲೆಯಲ್ಲಿ ವೈರಸ್ ಮರಿ ಅಂತಾರೆ. ಅದು ಕಂಪ್ಯೂಟರ್ ಕ್ಲಾಸಿಗೆ ಹೋಗೂದೇ ಬಿಟ್ಟಿದೆ."

"ನಿಮ್ಮ ಹೆಸರು ಅಲ್ಲಿ ಬರಬೇಕಿತ್ತು. ನಾನು ಕೇಳಿದೆ, ಆಗುವುದಿಲ್ಲವಂತೆ" ಎಂದು ಪ್ರಿಂಟು ಮುಂದೆ ಹಿಡಿದೆ.

"ಅಲ್ಲಿ ಹೆಸರು ಹಾಕಿದ್ರೆ ಕಿನ್ನರದಲ್ಲಿ ಯಾರು ಓದ್ತಾರೆ? ನೀವು ಇಲ್ಲಿ ಇಟ್ಟ ಹೆಸರು ತೆಗೀರಿ. ಹನ್ನೊಂದರ ಬಸ್ಸು ಈಗ ಬರ್ತದೆ. ಜನ ಇರ್ತಾರೆ. ಬಂದು ಹೇಳಿ."

ಆಕೆ ತಿಸರೆಯ ಬುಟ್ಟಿ ಹೊತ್ತಳು. ನಾನು ಹಿಂದೆ ಹೋದೆ.

ಬಸ್ಸು ಹೆಚ್ಚುಕಡಿಮೆ ತುಂಬಿತ್ತು. ಆಕೆ ಹತ್ತಿ, ಬುಟ್ಟಿಯನ್ನು ಕಾಲಬುಡದಲ್ಲಿಟ್ಟು ಕಿಟಕಿಯ ಪಕ್ಕ ಕುಳಿತಳು. ನನ್ನ ಕಡೆ ನೋಡಿ, "ಹೇಳಿ" ಎಂದಳು. ನಾನು ಕಂಬಿ ಹಿಡಿದು ಗಂಟಲು ಸರಿ ಮಾಡಿಕೊಂಡು, ಈ ಅಕ್ಕನಿಂದ ಕಂಪ್ಯೂಟರ್ ಕೆಟ್ಟದ್ದಲ್ಲ, ತಪ್ಪು ಕಂಪ್ಯೂಟರಿನದ್ದೇ, ಅದನ್ನು ಮೊದಲು ಕಂಡುಹಿಡಿದವಳು ಇವಳು, ಸುಳ್ಳು ಹೆಸರಿಟ್ಟವಳು ನಾನು ಎಂದೆ. ಕಾಲೇಜಿನಲ್ಲಿ ಮೈಕಿನ ಮುಂದೆ ನಡುಗದ ದನಿ ಇಲ್ಲಿ ನಡುಗಿತು. ಜನ ನನ್ನನ್ನು ಪಿಳಿಪಿಳಿ ನೋಡಿದರು. ಮುದುಕನೊಬ್ಬ ಪಕ್ಕದವನನ್ನು ಕೊಂಕಣಿಯಲ್ಲಿ ಏನಂತೆ ಎಂದು ಕೇಳಿದ. ಪಕ್ಕದವನಿಗೂ ತಿಳಿದಿರಲಿಲ್ಲ.

ಕಂಡಕ್ಟರ್ ಟಿಕೆಟ್ ಹರಿಯುತ್ತ, "ಅಂದ್ರೆ ಈಗ ವೈರಸ್ ನೀವಾ ಮೇಡಂ? ಹಾಂಗಾದ್ರೆ ಇಬ್ರು ವೈರಸ್ ಆಯ್ತು ನನ್ನ ಬಸ್ಸಿಗೆ" ಎಂದ. ಬಸ್ಸು ತುಂಬ ನಗು. ಕೆಲವರು ಆಕೆಯ ಕಡೆ ತಿರುಗಿ, ಕೆಲವರು ನನ್ನ ಕಡೆ ತಿರುಗಿ ನಕ್ಕರು. ಆಕೆ ಹೊರಗೆ ನೋಡುತ್ತಿದ್ದಳು.

ಕದ್ವಾಡ ಬಂತು. ಇಳಿದವರಿಗಿಂತ ಹತ್ತಿದವರು ಹೆಚ್ಚು. ಆಕೆಯ ಪಕ್ಕದ ಸೀಟು ಮಾತ್ರ ಖಾಲಿಯಿತ್ತು. ನಾನು ಮೆಲ್ಲಗೆ ಅಲ್ಲಿಗೆ ಸರಿದು, "ನನ್ನನ್ನು ಕ್ಷಮಿಸಿ ಅಕ್ಕ" ಎಂದೆ. ಆಕೆಯನ್ನು ಅಕ್ಕ ಎಂದು ಎದುರಿಗೆ ಕರೆದದ್ದು ಅದೇ ಮೊದಲು. ಕುಳಿತುಕೊಳ್ಳಲು ಹೋದೆ.

ಆಕೆ ಬಗ್ಗಿ, ಕಾಲಬುಡದಲ್ಲಿದ್ದ ಬುಟ್ಟಿಯನ್ನು ಎತ್ತಿ ಆ ಸೀಟಿನ ಮೇಲೆ ಇಟ್ಟಳು. ನೀರು ಸೀಟಿನಿಂದಿಳಿದು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕತೊಡಗಿತು. ಕಾರವಾರ ಬರುವವರೆಗೆ ನಾನು ನಿಂತೇ ಇದ್ದೆ.